ಹಾಜಿ ಮುತ್ಲಕ್ ಟ್ಯೂಬು ಹತ್ತಿದ್ದು

ಇದರಲ್ಲಿ ಒಂದು ಮಾತು ಸುಳ್ಳಾದರೂ ನನ್ನ ಹೆಂಡತಿಗೆ ತಲಾಕ್. ಈ ಆಣೆಯನ್ನು ಮೂವತ್ತು ವರ್ಷಗಳಿಂದ ದಿನಕ್ಕೆ ಎರಡು ಸಲ ಹಾಕುತ್ತ ಬಂದಿದ್ದೇನೆ. ಒಮ್ಮೆಯಾದರೂ ಸುಳ್ಳು ಹೇಳಿದ್ದರೆ ಆಕೆ ಇಷ್ಟು ಹೊತ್ತಿಗೆ ತವರಿನಲ್ಲಿರುತ್ತಿದ್ದಳು. ಬೇಕಾದರೆ ಮನೆಗೆ ಹೋಗಿ ನೋಡಿ, ಅಲ್ಲೇ ಇದ್ದಾಳೆ, ನಿಮ್ಮ ಮೇಲೂ ರೇಗುತ್ತಾಳೆ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಬಳಿ ಇಲ್ಲ.

ನೀವು ಕೇಳಿದ್ದು, ದೋಣಿಯ ಹಿಂದೆ ಹಗ್ಗ ಕಟ್ಟಿ ಎಳೆಯುವ ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತು ಹೋಗುವುದು ಕ್ಷೇಮವೇ ಎಂದು. ಒಂದೇ ಮಾತಿನಲ್ಲಿ ಉತ್ತರಿಸಬಹುದಿತ್ತು. ಆದರೆ ನಿಮ್ಮ ಸರದಿಗೆ ಇನ್ನೂ ಹೊತ್ತಿದೆ, ಚಹಾ ಕೂಡ ಬಿಸಿಯಾಗಿದೆ. ಕೂತುಕೊಳ್ಳಿ.

ದೋಣಿ ನನ್ನದು. ಓಡಿಸುವವನು ನನ್ನ ಅಕ್ಕನ ಮಗ ಸತ್ತಾಮ್. ಅಕಾಬಾದ ಈ ದಕ್ಷಿಣ ತೀರದಲ್ಲಿ ಅವನಷ್ಟು ಜಾಗರೂಕ ಇನ್ನೊಬ್ಬನಿಲ್ಲ. ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಹಗ್ಗ ತಡವುತ್ತಾನೆ. ಒಂದು ಎಳೆ ಬಿಚ್ಚಿದ್ದರೂ ಆ ಹಗ್ಗ ನನ್ನ ಮನೆಯ ಆಡಿಗೆ. ಈಗ ನನ್ನ ಮನೆಯಲ್ಲಿ ಒಂದು ಆಡು, ಹದಿನಾಲ್ಕು ಹಗ್ಗ. ಹದಿನೆಂಟು ಮೀಟರಿಗಿಂತ ಗಿಡ್ಡದ್ದನ್ನು ಅವನು ಕಟ್ಟುವುದಿಲ್ಲ. ತಿರುವಿನಲ್ಲಿ ವೇಗ ಇಳಿಸುತ್ತಾನೆ, ಏಕೆಂದರೆ ದೋಣಿ ತಿರುಗಿದಾಗ ಟ್ಯೂಬು ದೋಣಿಗಿಂತ ಜೋರಾಗಿ ಹೊರಕ್ಕೆ ಬೀಸುತ್ತದೆ. ನೀರಿಗೆ ಬಿದ್ದವರ ಹತ್ತಿರ ಹೋಗುವಾಗ ಎಂಜಿನ್ನನ್ನು ಪೂರ್ತಿ ಆರಿಸುತ್ತಾನೆ. ಕೆಂಪು ದಾರದ ಒಂದು ತುದಿ ಎಂಜಿನ್ನಿನ ಗುಂಡಿಗೆ, ಇನ್ನೊಂದು ಅವನ ಮಣಿಕಟ್ಟಿಗೆ. ಅವನೇ ನೀರಿಗೆ ಬಿದ್ದರೂ ದಾರ ಕಿತ್ತುಕೊಂಡು ಎಂಜಿನ್ ನಿಲ್ಲುತ್ತದೆ. ಇಷ್ಟನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹತ್ತುವವರಿಗೆಲ್ಲ ಕೊಡುತ್ತಾನೆ. ಓದದವರಿಗೆ ತಾನೇ ಓದಿ ಹೇಳುತ್ತಾನೆ. ಅದನ್ನು ಕೇಳುತ್ತ ಎರಡು ಗುಂಪಿನವರು ದಡದಲ್ಲೇ ನಿದ್ದೆ ಹೋಗಿದ್ದಾರೆ.

ಇಂಥವನು ಪ್ರೀತಿಯಲ್ಲಿ ಬಿದ್ದದ್ದೂ ಜಾಗರೂಕತೆಯಿಂದಲೇ. ನುಜೂದ್ ಎಂಬ ಗಣಿತದ ಟೀಚರ್ ತನ್ನ ಶಾಲೆಯ ಹುಡುಗಿಯರನ್ನು ಗಾಜಿನ ತಳದ ದೋಣಿಗೆ ಹತ್ತಿಸಲು ಬಂದಿದ್ದಳು. ಇಪ್ಪತ್ತೇಳು ಮಕ್ಕಳನ್ನು ಹತ್ತಿಸುವಾಗ ಒಮ್ಮೆ ಎಣಿಸಿದಳು, ಕೂತ ಮೇಲೆ ಒಮ್ಮೆ, ಇಳಿದ ಮೇಲೆ ಒಮ್ಮೆ. ಮೂರನೆಯ ಎಣಿಕೆಗೆ ಸತ್ತಾಮ್ ನನ್ನ ತೋಳು ಹಿಡಿದುಕೊಂಡ.

"ಮಾಮ, ಮದುವೆ ಅಂತ ಆದ್ರೆ ಇವಳನ್ನೇ."

"ಮುಖ ನೋಡಿದ್ಯೇನೋ?"

"ಮುಖ ಯಾರಿಗೆ ಬೇಕು ಮಾಮ, ಎಣಿಸೋದು ನೋಡಿದ್ರಾ?"

ವಿಚಾರಿಸಿದೆ. ಅವಳ ಅಪ್ಪ ವಾದಿ ರಮ್ ಕಡೆಯ ಹಾಜಿ ಮುತ್ಲಕ್. ಮೂವತ್ತು ವರ್ಷ ಮರುಭೂಮಿಯ ಕಾವಲು ಪಡೆಯಲ್ಲಿ ಒಂಟೆಯ ಮೇಲೆ ಕೂತವನು. ಇಳಿದ ಮೇಲೂ ಹಾಗೇ ನಡೆಯುತ್ತಾನೆ. ಒಮ್ಮೆ ಯಾರದೋ ಡೇರೆಯಲ್ಲಿ ಕಾಫಿ ಬಡಿಸುತ್ತಿದ್ದವನು ಮೂರನೆಯ ಬಟ್ಟಲಿಗೆ "ಸಾಕಾ ಹಾಜಿ?" ಎಂದು ಕೇಳಿಬಿಟ್ಟನಂತೆ. ಕೇಳಬಾರದಿತ್ತು. ನಮ್ಮಲ್ಲಿ ಸಾಕೆನಿಸಿದ ಅತಿಥಿ ಖಾಲಿ ಬಟ್ಟಲನ್ನು ತಾನಾಗಿ ಮಣಿಕಟ್ಟಿನಲ್ಲಿ ಅಲ್ಲಾಡಿಸುತ್ತಾನೆ. ಅಲ್ಲಿಯವರೆಗೆ ಹಾಕುತ್ತಲೇ ಇರಬೇಕು. ಹಾಜಿ ಅಲ್ಲಾಡಿಸಲಿಲ್ಲ. ಮೂವತ್ತೊಂದು ಬಟ್ಟಲು ಕುಡಿದ. ನಾಲ್ಕು ದಿನ ರೆಪ್ಪೆ ಮುಚ್ಚಲಾಗದೆ ಊರಿನ ಮೇಕೆಗಳನ್ನೆಲ್ಲ ತಾನೊಬ್ಬನೇ ಕಾದ.

ಮಾತೆತ್ತಲು ಹೋದವನು ನಾನೇ.

"ನಿಮ್ಮ ಹುಡುಗ ಏನ್ ಕೆಲಸ ಮಾಡ್ತಾನೆ, ಅಬು ಮಿತ್‌ಖಾಲ್?" ಎಂದ ಹಾಜಿ.

"ಟ್ಯೂಬು ಎಳೀತಾನೆ, ಹಾಜಿ."

"ಗಾಳಿ ತುಂಬಿದ ರಬ್ಬರು ಎಳೆಯೋದೂ ಒಂದು ಕೆಲಸಾನಾ?"

"ಅದರ ಮೇಲೆ ಜನ ಕೂತಿರ್ತಾರೆ."

"ಅದು ಇನ್ನೂ ಕೆಟ್ಟದು! ಜನಾನ ಹಗ್ಗಕ್ಕೆ ಕಟ್ಟಿ ಎಳೆಯೋನಿಗೆ ಮಗಳನ್ನ ಕೊಡ್ಲಾ? ನಾಳೆ ಜಗಳ ಆದ್ರೆ ಅವಳನ್ನೂ ಕಟ್ಟಿ ಎಳೀತಾನೆ."

"ವಲ್ಲಾ, ದೇವರಾಣೆ, ಒಂದಿಷ್ಟೂ ಅಪಾಯ ಇಲ್ಲ ಹಾಜಿ. ಎಪ್ಪತ್ತು ದಾಟಿದ ನಮ್ಮತ್ತೆ ಕೂತಿದ್ರು."

"ಈಗೆಲ್ಲಿದಾರೆ?"

"ತೀರ್ಕೊಂಡ್ರು."

"ನೋಡಿದ್ಯಾ?"

"ಹಾಸಿಗೆ ಮೇಲೆ ಹಾಜಿ, ಆರು ವರ್ಷ ಆದ್ಮೇಲೆ!"

ಹಾಜಿ ಗಡ್ಡ ನೀವಿಕೊಂಡ. "ಸರಿ. ನಾನೇ ಕೂತು ನೋಡ್ತೀನಿ. ಒಂದು ಕೂದಲೂ ಕೊಂಕದೆ ಇಳಿದ್ರೆ ಹಿರಿಯರನ್ನ ಕರ್ಕೊಂಡು ಹೆಣ್ಣು ಕೇಳೋಕೆ ಬನ್ನಿ. ಕೊಂಕಿತೋ, ಈ ಬಾಗಿಲ ಕಡೆ ತಲೆ ಹಾಕಬೇಡಿ."

ಗುರುವಾರ ಬೆಳಿಗ್ಗೆ, ಗಾಳಿ ಏಳುವ ಮೊದಲೇ ಹಾಜಿ ಬಂದ. ಉದ್ದನೆಯ ನಿಲುವಂಗಿ, ಕೆಂಪು ಚೌಕಳಿಯ ತಲೆವಸ್ತ್ರ, ಅದರ ಮೇಲೆ ಕರಿಯ ಸುತ್ತು. ಈಜುಡುಗೆ ತಂದುಕೊಟ್ಟೆ. ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದು ಯಾವ ಮಗೂದು?" ಎಂದ. ನಿಲುವಂಗಿಯ ಮೇಲೇ ಲೈಫ್ ಜಾಕೆಟ್ ತೊಡಿಸಿದೆವು.

ದೋಣಿಯಲ್ಲಿ ಓಡಿಸುವವನಲ್ಲದೆ ಇನ್ನೊಬ್ಬರು ಇರಲೇಬೇಕು. ಅವರು ಹಿಂದಕ್ಕೆ ಮುಖ ಮಾಡಿ ಕೂತು, ಟ್ಯೂಬಿನ ಮೇಲಿರುವವರಿಂದ ಕಣ್ಣು ತೆಗೆಯಬಾರದು. ಆ ಕೆಲಸ ನನ್ನದು. ಹಾಜಿ ಒಪ್ಪಲಿಲ್ಲ.

"ಮುಂದೆ ನೋಡೋನೂ ನಿಮ್ಮೋನು, ಹಿಂದೆ ನೋಡೋನೂ ನಿಮ್ಮೋನು. ನನ್ನ ಕಡೆಯ ಎರಡು ಕಣ್ಣು ಬೇಕು."

ಆ ಕಣ್ಣುಗಳಿಗೆಂದು ಮಗ ಝೈದ್‌ನನ್ನು ಕರೆತಂದಿದ್ದ. ಕಟ್ಟೆಗೆ ಕಟ್ಟಿದ್ದ ದೋಣಿ ಒಮ್ಮೆ ತೊನೆದದ್ದೇ ತಡ, ಝೈದ್ ಬೆಳಗಿನ ತಿಂಡಿಯನ್ನೆಲ್ಲ ಮೀನುಗಳಿಗೆ ಬಡಿಸಿ ಕಾರಿನಲ್ಲಿ ಮಲಗಿಬಿಟ್ಟ. ಉಳಿದದ್ದು ಅವನ ಜೊತೆ ಬಂದಿದ್ದ ನುಜೂದ್.

"ಸಾಮಾನ್ಯಕ್ಕೆ ನಾನು ಒಪ್ತಿರಲಿಲ್ಲ. ಆದ್ರೆ ಅವನು ಮುಂದೆ ನೋಡ್ತಿರ್ತಾನೆ, ನೀನು ಹಿಂದೆ ನೋಡ್ತಿರ್ತೀಯ. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ನಾನಂತೂ ಎದುರಿಗೇ ಇರ್ತೀನಿ. ಅಬು ಮಿತ್‌ಖಾಲ್ ಮಧ್ಯದಲ್ಲಿ ಕೂರ್ಲಿ. ಹೆಂಗೂ ಅವನಿಗೆ ಕಿವಿ ಕೇಳ್ಸಲ್ವಲ್ಲ," ಎಂದ ಹಾಜಿ.

ಎಂಜಿನ್ ಸದ್ದಿಗೆ ನನ್ನ ಕಿವಿ ಹೋಗಿದೆ ಎಂದು ಈ ತೀರದಲ್ಲೆಲ್ಲ ಪ್ರತೀತಿ. ನಾನೂ ಅದನ್ನು ಸುಳ್ಳು ಮಾಡಲು ಹೋಗಿಲ್ಲ.

ನುಜೂದ್ ಹಾಳೆಯನ್ನು ಮೂರು ಸಲ ಓದಿದಳು. ಒಂದು ಸಾಲಿನ ಕೆಳಗೆ ಗೆರೆ ಎಳೆದಳು: ಹಿಂದೆ ನೋಡುವವರು ನಿಲ್ಲಿಸು ಎಂದರೆ ನಿಲ್ಲಿಸಬೇಕು, ಮರುಮಾತಿಲ್ಲ.

ಆಮೇಲೆ ಸನ್ನೆಗಳ ವಿಷಯ. ಹೆಬ್ಬೆರಳು ಮೇಲೆ ಅಂದರೆ ಜೋರು, ಕೆಳಗೆ ಅಂದರೆ ನಿಧಾನ ಎಂದು ಸತ್ತಾಮ್ ವಿವರಿಸಿದ. ಹಾಜಿಗೆ ಹಿಡಿಸಲಿಲ್ಲ.

"ಹೆಬ್ಬೆರಳು ತೋರಿಸೋರು ರಸ್ತೆ ಬದಿ ಲಾರಿಗೆ ಕಾಯೋರು. ಬಟ್ಟಲು ಅಲ್ಲಾಡಿಸ್ದಂಗೆ ಕೈ ಅಲ್ಲಾಡಿಸ್ತೀನಿ, ಆಗ ನಿಲ್ಸು. ಇದು ಗೊತ್ತಿಲ್ದೇ ಇರೋನು ನಮ್ಮಲ್ಲಿ ಯಾರಿದಾನೆ?"

ಎಲ್ಲರಿಗೂ ಗೊತ್ತಿತ್ತು. ತೊಂದರೆಯಾದದ್ದೇ ಅಲ್ಲಿ.

ದೋಣಿ ಹೊರಟಿತು. ಮೊದಲ ಸುತ್ತಿನಲ್ಲಿ ಹಾಜಿ ಒಂಟೆಯ ಮೇಲೆ ಕೂತಂತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಎರಡನೆಯದರಲ್ಲಿ ಸ್ವಲ್ಪ ಬಾಗಿದ. ಮೂರನೆಯದರಲ್ಲಿ ಟ್ಯೂಬನ್ನು ತಬ್ಬಿಕೊಂಡ. ಆದರೆ ಕೈ ಅಲ್ಲಾಡಲಿಲ್ಲ.

ಸತ್ತಾಮ್ ಗಂಟಲು ಸರಿಮಾಡಿಕೊಂಡ. ಕಣ್ಣು ಮುಂದೆ.

"ಹೇಗಿದಾರೆ?"

"ಚೆನ್ನಾಗಿದಾರೆ." ಅವಳ ಕಣ್ಣು ಹಿಂದೆ.

ನಾನು ಮಧ್ಯದಲ್ಲಿ ಕಿವುಡನಾಗಿ ಕೂತಿದ್ದೆ.

"ಮದುವೆ ಆದ್ಮೇಲೂ ನಾನು ಶಾಲೆಗೆ ಹೋಗ್ತೀನಿ," ಎಂದಳು ನುಜೂದ್.

"ಹೋಗಿ. ಮಧ್ಯಾಹ್ನ ಗಾಳಿ ಎದ್ರೆ ನನಗೂ ಕೆಲಸ ಇರಲ್ಲ. ನಾನೇ ಅಡುಗೆ ಮಾಡ್ತೀನಿ."

"ಏನೇನು ಬರುತ್ತೆ?"

"ಮೊಟ್ಟೆ."

"ಮತ್ತೆ?"

"ಎರಡು ಮೊಟ್ಟೆ."

ಅವಳು ನಕ್ಕಳು. ಅವನು ನೋಡಲಿಲ್ಲ, ಕೇಳಿಸಿಕೊಂಡ. ಅವನ ಕಿವಿ ಹಿಂದಿನಿಂದ ಟೊಮೇಟೊದಂತೆ ಕೆಂಪಾದದ್ದನ್ನು ನಾನು ಕಂಡೆ. ಹೀಗೆ ಏಳು ಸುತ್ತು. ಅತ್ತೆಯ ಸ್ವಭಾವ, ಮನೆಗೆ ಎಷ್ಟು ಕೋಣೆ, ಗೊರಕೆ ಹೊಡೆಯುತ್ತಾನೋ ಇಲ್ಲವೋ, ಎಲ್ಲ ಮುಗಿಯಿತು. ಇಷ್ಟು ಮರ್ಯಾದೆಯ ಭೇಟಿಯನ್ನು ನಾನು ಕಂಡಿಲ್ಲ. ಹುಡುಗಿಯ ಅಪ್ಪ ಹದಿನೆಂಟು ಮೀಟರ್ ದೂರದಲ್ಲಿ ಎದುರಿಗೇ ಇದ್ದಾನೆ, ಎಲ್ಲ ಕಾಣುತ್ತದೆ, ಏನೂ ಕೇಳಿಸುವುದಿಲ್ಲ. ಮಗಳ ತುಟಿ ಅಲುಗುವುದನ್ನು ನೋಡಿ ಆತ ಏನೆಂದುಕೊಂಡಿದ್ದ ಎಂಬುದು ಆಮೇಲೆ ತಿಳಿಯಿತು. "ಒಂದು ಗಳಿಗೆ ಕಣ್ಣು ತೆಗೀದೆ ನನ್ನ ಮಗಳು ನನಗೋಸ್ಕರ ದುವಾ ಮಾಡ್ತಿದ್ಲು," ಎಂದು ಹಾಜಿ ಇಂದಿಗೂ ಕಣ್ಣೊರೆಸಿಕೊಳ್ಳುತ್ತಾನೆ.

ಹನ್ನೊಂದನೆಯ ಸುತ್ತಿನಲ್ಲಿ ಅವಳು, "ನಿಲ್ಸಿ," ಎಂದಳು.

"ಕೈ ಅಲ್ಲಾಡಿಸಿದ್ರಾ?"

"ಇಲ್ಲ. ಆದ್ರೆ ತುಟಿ ನೀಲಿಯಾಗಿದೆ."

"ಅಲ್ಲಾಡಿಸದೆ ನಿಲ್ಸಿದ್ರೆ ಹೇಗೆ? ಬಟ್ಟಲಿಗೆ ಹಾಕ್ತಾ ಹಾಕ್ತಾ ಕಾಫಿ ಕೆಟಲ್ ಎತ್ತಿಟ್ಟ ಹಾಗಾಗುತ್ತೆ. ನಾಳೆ ಅವರ ಮನೆಗೆ ಯಾವ ಮುಖ ಇಟ್ಕೊಂಡು ಬರ್ಲಿ?"

"ಹಾಳೇಲಿ ಏನು ಬರೆದಿದೀರಿ?"

"ಹಾಳೆ ಗಿರಾಕಿಗಳಿಗೆ. ಇವರು ಅತಿಥಿ."

ಅಲ್ಲಿಂದ ಮಾತಿನ ದಾರಿ ತಪ್ಪಿತು. ಹದಿನಾಲ್ಕನೆಯ ಸುತ್ತಿನಲ್ಲಿ ಅವಳು ಇನ್ನೊಮ್ಮೆ, "ನಿಲ್ಸಿ," ಎಂದಳು. ಹದಿನೇಳರಲ್ಲಿ ಬಹುವಚನ ಬಿಟ್ಟಳು. "ನಿಲ್ಸೋ!"

ಅಷ್ಟರಲ್ಲಿ ಕೊಲ್ಲಿಯಲ್ಲಿ ಸುದ್ದಿ ಹಬ್ಬಿತ್ತು. ಗಾಜಿನ ತಳದ ದೋಣಿಯವರು ಹವಳ ನೋಡುವುದನ್ನು ಬಿಟ್ಟು ಇತ್ತ ತಿರುಗಿದ್ದರು. ಈ ಕೊಲ್ಲಿಗೆ ನಾಲ್ಕು ದೇಶಗಳ ದಡ. ನಾಲ್ಕೂ ಕಡೆಯ ಗಸ್ತು ದೋಣಿಗಳು ದುರ್ಬೀನು ಹಿಡಿದು ನಿಂತವು. ಆ ನಾಲ್ವರೂ ಒಂದು ವಿಷಯವನ್ನು ಒಂದೇ ಅಭಿಪ್ರಾಯದಿಂದ ನೋಡಿದ್ದು ಅದೇ ಮೊದಲು. ಹಾಜಿಯ ತಲೆವಸ್ತ್ರ ಮಾತ್ರ ಕದಲಿರಲಿಲ್ಲ. ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ.

"ಚಾಚಾ, ಎಂಜಿನ್ ದಾರ ಎಳೀರಿ!" ಎಂದು ಅವಳು ನನ್ನತ್ತ ಕೂಗಿದಳು.

ನಿಜ ಹೇಳುತ್ತೇನೆ, ಆಣೆ ಹಾಕಿದ್ದೇನಲ್ಲ. ನನಗೆ ಕೇಳಿಸಿತು. ಆದರೆ ಇನ್ನೆರಡು ಸುತ್ತಿನಲ್ಲಿ ಹಾಜಿ ತಾನಾಗಿ ಕೈ ಅಲ್ಲಾಡಿಸುತ್ತಾನೆ, ಹುಡುಗಿ ನಮ್ಮವಳೇ ಎಂದು ಲೆಕ್ಕ ಹಾಕುತ್ತಿದ್ದೆ. ಕಿವಿಗೆ ಕೈ ಅಡ್ಡ ಹಿಡಿದು, "ಏನಮ್ಮಾ? ಹೌದೌದು, ಹವಾ ಚೆನ್ನಾಗಿದೆ," ಎಂದೆ.

ಅವಳು ಎದ್ದಳು. ಓಡುವ ದೋಣಿಯಲ್ಲಿ ಏಳಬಾರದು, ಹಾಳೆಯಲ್ಲಿ ಅದೂ ಇದೆ. ಪರಗಂಡಸಿನ ಕೈ ತಾಕದಂತೆ ಕೆಂಪು ದಾರವನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು.

ಎಂಜಿನ್ ಸತ್ತಿತು. ಟ್ಯೂಬು ತೇಲುತ್ತ ಬಂದು ದೋಣಿಯ ಬಳಿ ನಿಂತಿತು. ಹಾಜಿ ಬಟ್ಟೆಯನ್ನು ಬಾಯಿಂದ ಬಿಟ್ಟ.

"ಯಾಕೆ ನಿಲ್ಸಿದ್ರಿ? ನಾನು ಸಾಕು ಅಂದ್ನಾ?" ದನಿ ಆಡಿನ ಮರಿಯದ್ದಾಗಿತ್ತು.

ಹಿಡಿಕೆಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆವು. ಹತ್ತನೆಯದನ್ನು ಬಿಡಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಹಿಡಿದುಕೊಂಡಿರುತ್ತಿತ್ತು. ಕಟ್ಟೆಗೆ ಬಂದ ಮೇಲೆ ಹಾಜಿ ಗೋಡೆಗೆ ಒರಗಿ ನಿಂತು ಸತ್ತಾಮ್‌ನ ಬೆನ್ನು ತಟ್ಟಲು ಮೂರು ಸಲ ಕೈ ಬೀಸಿದ. ಮೂರನೆಯದು ತಾಗಿತು.

"ಗಂಡಸು ಅಂದ್ರೆ ಇವನು! ನಾನು ಸಾಕು ಅನ್ನದೆ ತಾನಾಗಿ ನಿಲ್ಲಿಸ್ಲಿಲ್ಲ. ಹೆಣ್ಣು ಕೇಳೋಕೆ ನಾಳೇನೇ ಬನ್ನಿ."

ಮಾರನೆಯ ದಿನ ನಮ್ಮ ಕಡೆಯ ಮೂವತ್ತು ಹಿರಿಯರು ಹೋದೆವು. ಪದ್ಧತಿಯಂತೆ ಎಲ್ಲರಿಗಿಂತ ದೊಡ್ಡವರು ಕಾಫಿಯನ್ನು ಕುಡಿಯದೆ ಮುಂದಿಟ್ಟುಕೊಂಡು, "ನಾವು ಬಂದ ಕೆಲಸ ಆಗೋವರೆಗೂ ನಿಮ್ಮ ಕಾಫಿ ಕುಡಿಯಲ್ಲ," ಎಂದರು. "ಕುಡೀರಿ, ಕೊಟ್ಟಿದೀನಿ!" ಎಂದ ಹಾಜಿ. ಮೂವತ್ತೂ ಜನ ಕುಡಿದರು.

ಆಗ ಒಳಬಾಗಿಲ ಪರದೆ ಸರಿಯಿತು.

"ನಾನು ಕೊಟ್ಟಿಲ್ಲ," ಎಂದಳು ನುಜೂದ್.

ಒಬ್ಬರಿಗೆ ಕಾಫಿ ನೆತ್ತಿಗೇರಿತು.

"ಮೂರು ಸಲ ನಿಲ್ಸು ಅಂದೆ. ನಿಲ್ಲಿಸ್ಲಿಲ್ಲ. ಹಿಂದೆ ಕೂತೋಳ ಮಾತು ಕೇಳದೆ ಇರೋನ ಜೊತೆ ನಾನು ಬಾಳಲ್ಲ."

"ನಿಲ್ಲಿಸ್ಲಿಲ್ಲ ಅಂತಾನೇ ಅಲ್ವೇನೇ ನಾನು ಕೊಟ್ಟಿದ್ದು!" ಎಂದು ಹಾಜಿ ಹಣೆ ಚಚ್ಚಿಕೊಂಡ.

ಸತ್ತಾಮ್ ನನ್ನ ಪಕ್ಕದಲ್ಲಿ ಬೂದಿಯ ಬಣ್ಣಕ್ಕೆ ತಿರುಗಿದ್ದ. ಏಳು ಸುತ್ತಿನಲ್ಲಿ ಗೆದ್ದದ್ದನ್ನು ಉಳಿದ ಸುತ್ತಿನಲ್ಲಿ ಕಳೆದುಕೊಂಡಿದ್ದ. ಹಿರಿಯರಿಗೆ ಬೇರೆಯೇ ಸಂಕಟ. ಹುಡುಗಿ ಒಪ್ಪದೆ ನಿಕಾಹ್ ಇಲ್ಲ. ಆದರೆ ಕಾಫಿ ಹೊಟ್ಟೆ ಸೇರಿದೆ, ಕುಡಿದದ್ದನ್ನು ವಾಪಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮುಂದಿಟ್ಟ ಮನ್ಸಫ್‌ನ, ಅಂದರೆ ಮಾಂಸದೂಟದ, ಮೇಲಿನ ತುಪ್ಪ ಹೆಪ್ಪುಗಟ್ಟುವವರೆಗೆ ವಾದ ಮಾಡಿದರು. ಕೊನೆಗೆ ಅವಳೇ ದಾರಿ ತೋರಿಸಿದಳು.

"ದೋಣಿ ನಾನು ಓಡಿಸ್ತೀನಿ. ಅವನು ಟ್ಯೂಬಿನ ಮೇಲೆ ಕೂರ್ಲಿ. ನೀವೆಲ್ಲ ಕಟ್ಟೆ ಮೇಲೆ ನಿಂತು ನೋಡಿ. ನಿಮ್ಮೆಲ್ಲರ ಎದುರಿಗೆ ಸಾಕು ಅನ್ನೋ ಧೈರ್ಯ ಅವನಿಗಿದ್ರೆ ನನ್ನ ಒಪ್ಪಿಗೆ ಇದೆ."

ಎರಡು ವಾರ ನಾನೇ ಅವಳಿಗೆ ಓಡಿಸಲು ಕಲಿಸಿದೆ. ಕಲಿಸಿದೆ ಅಂದರೆ, ನಾನು ಒಂದು ಹೇಳಿದರೆ ಅವಳು ಹಾಳೆ ನೋಡಿ ಅದು ತಪ್ಪು ಎನ್ನುತ್ತಿದ್ದಳು.

ಆ ದಿನ ಹಿಂದೆ ನೋಡಲು ಕೂತವನು ಹಾಜಿ. ಕಟ್ಟೆಯ ಮೇಲೆ ಮೂವತ್ತು ಜನ. ದೋಣಿಯಲ್ಲಿ ನಾನು, ಕಿವುಡ. ಮೊದಲ ಸುತ್ತು ಆಯಿತು. ಎರಡನೆಯದೂ ಆಯಿತು. ಕಟ್ಟೆಯ ಮೇಲಿನವರು ಗಟ್ಟಿಯಾಗಿ ಎಣಿಸುತ್ತಿದ್ದರು. "ಹಾಜಿ ಹದಿನೇಳು ಹಾಕಿದಾನೆ ಕಣೋ, ಗಟ್ಟಿ ಹಿಡ್ಕೋ!" ಎಂದು ಯಾರೋ ಕೂಗಿದರು. ಮೂರನೆಯ ಸುತ್ತಿನಲ್ಲಿ ಸತ್ತಾಮ್ ಕಟ್ಟೆಯತ್ತ ನೋಡಿದ. ತನ್ನ ತಾತನ ತಮ್ಮನನ್ನು ಕಂಡ. ಆಮೇಲೆ ದೋಣಿಯಲ್ಲಿ ತನಗೆ ಬೆನ್ನು ಹಾಕಿ ಕೂತವಳನ್ನು ನೋಡಿದ. ಕೈಯೆತ್ತಿ ಅಲ್ಲಾಡಿಸಿದ. ಮಣಿಕಟ್ಟಲ್ಲ, ಭುಜದಿಂದ ಇಡೀ ತೋಳು. ಟ್ಯೂಬು ಮಗುಚುವುದರಲ್ಲಿತ್ತು.

"ಏನಾಯ್ತು ಅಪ್ಪಾ?" ಎಂದಳು ಅವಳು, ಮುಂದೆ ನೋಡುತ್ತಲೇ.

"ಏನಿಲ್ಲ ಮಗಳೇ. ಸುಮ್ನೆ ದಾಕ್ಷಿಣ್ಯಕ್ಕೆ ಅಲ್ಲಾಡಿಸ್ತಿದಾನೆ. ಇನ್ನೊಂದೆರಡು ಹಾಕು."

"ಅಲ್ಲಾಡಿಸಿದ್ನಾ ಇಲ್ವಾ?"

"ಅಲ್ಲಾಡಿಸ್ದ. ಆದ್ರೆ..."

ಅವಳು ಎಂಜಿನ್ ಆರಿಸಿದಳು. ಮೊದಲ ಸಲ ಹಿಂದಕ್ಕೆ ತಿರುಗಿ ಅವನ ಮುಖ ನೋಡಿದಳು. ಮೂಗಿನಿಂದ ನೀರು ಸುರಿಯುತ್ತಿತ್ತು. ಅಂಥ ಮುಖವನ್ನೂ ಅವಳು ಅಷ್ಟು ಹೊತ್ತು ನೋಡಿದಳೆಂದರೆ, ಇನ್ನು ಕೇಳುವುದೇನೂ ಉಳಿದಿಲ್ಲ ಎಂದು ನನಗೆ ಗೊತ್ತಾಯಿತು.

ಮದುವೆಯಾಯಿತು. ಹಿರಿಯರು ಇಂದಿಗೂ ಅವನನ್ನು ಮೂರು ಸುತ್ತಿನ ಸತ್ತಾಮ್ ಎಂದೇ ಕರೆಯುತ್ತಾರೆ. ಅವನು ನಗುತ್ತಾನೆ, ಮಧ್ಯಾಹ್ನ ಮನೆಗೆ ಹೋಗಿ ಎರಡು ಮೊಟ್ಟೆ ಹುರಿಯುತ್ತಾನೆ. ಹಿಂದೆ ಕೂತವರ ಮಾತು ಮೀರುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದಾನೆ, ಈವರೆಗೆ ತಪ್ಪಿಲ್ಲ. ಕುಗ್ಗಿಹೋದವನು ಹಾಜಿ. ಅಳಿಯ ಮೂರಕ್ಕೇ ಸಾಕು ಎಂದದ್ದನ್ನು ಅವನಿಗೆ ತಡೆಯಲಾಗಲಿಲ್ಲ. ಮನೆತನದ ಮರ್ಯಾದೆ ಸರಿಪಡಿಸಲೆಂದು ದಿನಾ ಬೆಳಿಗ್ಗೆ ಇಲ್ಲಿಗೆ ಬಂದು, ಹಿಂದೆ ನೋಡುವ ಜಾಗದಲ್ಲಿ ತಾನೇ ಕೂರುತ್ತಾನೆ. ಅವನನ್ನು ಎಬ್ಬಿಸುವ ಧೈರ್ಯ ಇರುವವಳು ನುಜೂದ್ ಒಬ್ಬಳೇ, ಅವಳಿಗೆ ಇವತ್ತು ಶಾಲೆಯಲ್ಲಿ ಪರೀಕ್ಷೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ, ಪೂರ್ತಿ ಕ್ಷೇಮ. ಹಗ್ಗ ಹೊಸದು, ಜಾಕೆಟ್ ಗಟ್ಟಿ, ಓಡಿಸುವವನು ದೇವರಂಥವನು. ನೀವು ಕೈ ಅಲ್ಲಾಡಿಸಿದರೆ ಹಾಜಿ ತಕ್ಷಣ ನೋಡುತ್ತಾನೆ, ಅವನ ಕಣ್ಣು ಹದ್ದಿನದು. ಆದರೆ ನೋಡಿದ್ದನ್ನು ಅಳಿಯನಿಗೆ ಹೇಳುವ ಮೊದಲು, ಈ ಅತಿಥಿಗೆ ನಿಜಕ್ಕೂ ಸಾಕಾಗಿದೆಯೋ ಅಥವಾ ಬರೀ ದಾಕ್ಷಿಣ್ಯವೋ ಎಂದು ತನ್ನಲ್ಲೇ ಒಂದಿಷ್ಟು ಯೋಚಿಸುತ್ತಾನೆ, ನಿನ್ನೆ ಬೆಳಿಗ್ಗೆ ಹತ್ತಿದ ಇಬ್ಬರು ಗಿರಾಕಿಗಳ ವಿಷಯದಲ್ಲಂತೂ ಯೋಚಿಸಿ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತಾಗಿ, ಅವರನ್ನು ನಾವು ಆ ಆಚೆ ದಡದ... ಅರೆ, ಆ ಕಡೆ ಎಲ್ಲಿಗೆ ಸ್ವಾಮಿ? ದೋಣಿ ಈ ಕಡೆ ಬರೋದು! ಓಡ್ಬೇಡಿ, ಮರಳು ಕಾದಿರುತ್ತೆ, ಹಾಜಿ ಆಗ್ಲೇ ನಿಮ್ಮನ್ನ ನೋಡಿ ಕೈ ಬೀಸಿ ಕರೀತಿದಾನೆ!